ನಮೂನೆ ೨೧೭

ನಾಲ್ಕು ಬಡಾವಣೆ, ಆರು ಹುಡುಗಿಯರು, ಮುನ್ನೂರು ನಮೂನೆ,
ಇಪ್ಪತ್ತು ದಿನ. ಬಜೆಟ್ಟು ಬಿಸ್ಕತ್ತು-ಚಹಾದ್ದು.
ಚಿತ್ರ ಎರಡು.
'ಅ'ದಲ್ಲಿ ಮಗು ನಗುತ್ತದೆ, ಕೈಯಲ್ಲಿ ಸ್ಲೇಟು.
'ಆ'ದಲ್ಲಿ ಅದೇ ಮಗು, ಅದೇ ಗೋಡೆ,
ಹುಬ್ಬು ಗಂಟಿಕ್ಕಿ, ಕಣ್ಣು ಕಿರಿದಾಗಿ,
ಇನ್ನೇನು ಅತ್ತೇಬಿಟ್ಟಿತು ಅನ್ನುವ ಹಾಗೆ.
ಲಕೋಟೆಯ ಮೇಲೆ ಯಾವುದು ಹೋದರೆ
ಊರು ಜೇಬಿಗೆ ಕೈಹಾಕೀತು?

ಪ್ರಶ್ನೆ ಹದಿನಾಲ್ಕು.
ಒಂಬತ್ತನೆಯದು ನಾನೇ ಬರೆದದ್ದು, ಮೂರು ಸಲ ತಿದ್ದಿ:
'ಈ ಚಿತ್ರ ನೋಡಿ ನಿಮ್ಮ ಮನಸ್ಸು ಎಷ್ಟು ಕರಗಿತು?
ಒಂದರಿಂದ ಹತ್ತರೊಳಗೆ ಹೇಳಿ.'
ಬೆಣ್ಣೆಯಾಗಿದ್ದರೆ
ಬಾಣಲೆಯನ್ನಾದರೂ ಕೇಳಬಹುದಿತ್ತು.

ತರಬೇತಿಯ ದಿನ ಬೋರ್ಡಿನ ಮೇಲೆ ಬರೆದು
ಅಡಿಗೆರೆ ಎಳೆದೆ: ಕೇಳಿ. ಆದರೆ ಕೇಳಬೇಡಿ.
ಹುಡುಗಿಯರು ಕಿಸಕ್ಕೆಂದರು.
ಉತ್ತರ ಕೇಳಿ ಕಣ್ರೇ, ದುಡ್ಡು ಕೇಳಬೇಡಿ,
ಕೊಟ್ಟರೂ ಮುಟ್ಟಬೇಡಿ.
ಸಮೀಕ್ಷೆಯ ಸೋಗಿನಲ್ಲಿ ಜೋಳಿಗೆ ಹಿಡಿದರೆ
ನಾಳೆ ಯಾವ ಬಾಗಿಲೂ ತೆರೆಯುವುದಿಲ್ಲ.

ಮಲ್ಲೇಶ್ವರದಲ್ಲಿ ಗೇಟಿನ ಚಿಲಕ ತೆಗೆಯದೆಯೇ
ಉತ್ತರಿಸಿದವರು ನಲವತ್ತೊಂದು ಮಂದಿ.
ವಿದ್ಯಾರಣ್ಯಪುರದ ಒಬ್ಬ ನಿವೃತ್ತ ಫಿಟ್ಟರ್
ನಮ್ಮ ಚೈತನ್ಯಳನ್ನು ಕೂರಿಸಿ, ನೀರು ಕೊಟ್ಟು,
'ದುಡ್ಡು ಮಗೂಗೇ ಸೇರತ್ತೆ ಅಂತ ಏನು ಗ್ಯಾರಂಟಿ' ಎಂದು
ಅವಳನ್ನೇ ಹದಿನಾಲ್ಕೂ ಕೇಳಿ ಕಳಿಸಿದ.
ಅವಳೋ, ಅವನ ಜಾಗದಲ್ಲಿ ತನ್ನ ಉತ್ತರವನ್ನೇ ಬರೆದು ತಂದಳು.
ಹೊಡೆದುಹಾಕಿದೆ.

ಇನ್ನೂರ ಹದಿನೇಳು ತಬಸ್ಸುಮ್ ತಂದದ್ದು.
ಅದಕ್ಕೆ ಗುಂಡುಸೂಜಿಯಲ್ಲಿ ಹತ್ತು ರೂಪಾಯಿಯ ನೋಟು,
ಇದ್ದಿಲ ಹೆಬ್ಬೆಟ್ಟಿನ ಗುರುತು ಸಮೇತ.
'ಶ್ರೀರಾಂಪುರದಲ್ಲಿ ಇಸ್ತ್ರಿ ಗಾಡಿ ಇದೆಯಲ್ಲ ಮೇಡಂ,
ಮುನಿಲಕ್ಷ್ಮಮ್ಮ ಅಂತ. ನಾನು ಕರೀಲಿಲ್ಲ,
ಅವರೇ ಕರೆದರು, ಏನಮ್ಮ ಅದು ಫೋಟೋ ಅಂತ.'
ಅವಳ ಆದಾಯಕ್ಕೆ ನಮ್ಮ ಹಾಳೆಯಲ್ಲಿ ಮನೆಯೇ ಇಲ್ಲ;
ನಮ್ಮ ಅತಿ ಕೆಳಗಿನ ಮನೆ
ಅವಳ ತಲೆಯ ಮೇಲೆಲ್ಲೋ ಶುರುವಾಗುತ್ತದೆ.
'ಒಳ್ಳೇ ನಮೂನೆ ಮೇಡಂ ಆಯಮ್ಮ!
"ಆ" ತೋರಿಸಿದೆ. ಪೆಟ್ಟಿಗೆ ಪಕ್ಕಕ್ಕಿಟ್ಟು ನೋಡಿದರು.
ಅಳ್ತಿಲ್ಲ ಕಣೇ ಇದು, ಅಂದರು,
ಬಿಸಿಲು ಕಣ್ಣಿಗೆ ಹೊಡೀತಿದೆ.
ಯಾವ ಪುಣ್ಯಾತ್ಮರು ನಿಲ್ಲಿಸಿದರು ಮಗೂನ ಅಲ್ಲಿ?
ಒಂದು ಟೋಪಿ ತೆಗೆದುಕೊಡಿ ಅಂತ ಇದನ್ನ
ನನ್ನ ಕೈಗೆ ತುರುಕಿದರು.'

ಮಾಗಡಿ ರಸ್ತೆ, ಶಾಲೆಯ ಅಂಗಳ,
ಏಪ್ರಿಲ್, ಹನ್ನೆರಡೂವರೆ.
ಮುಖಕ್ಕೆ ಬೆಳಕು ಸಾಲದೆಂದು ಫೋಟೋದವನು ಗೊಣಗಿದಾಗ
ಬೆಳ್ಳಿ ಹಾಳೆಯ ಹಲಗೆ ಹಿಡಿದು
ಸೂರ್ಯನನ್ನು ಮಗುವಿನ ಕಣ್ಣಿಗೆ ತಿರುಗಿಸಿದವಳು
ನಾನೇ.

'ಆ' ಗೆದ್ದಿತು. ಏಳು ಮುಕ್ಕಾಲು ಸರಾಸರಿ;
ನಗುವಿಗೆ ಐದೂ ದಾಟಲಿಲ್ಲ.
ಟ್ರಸ್ಟಿಗಳು ಗೋಡಂಬಿ ತಿನ್ನುತ್ತ ತಲೆದೂಗಿದರು.
ಸೋಮವಾರ ಮುದ್ರಣಕ್ಕೆ, ನಲವತ್ತು ಸಾವಿರ ಲಕೋಟೆ.
ಕೆಳಗೆ ಸಣ್ಣಕ್ಷರದಲ್ಲಿ: ಹೆಸರು ಬದಲಿಸಲಾಗಿದೆ.

ನೋಟನ್ನು ಲೆಕ್ಕಕ್ಕೆ ತೆಗೆದುಕೊಳ್ಳೆಂದರೆ ಲಿಗೋರಿ ಒಲ್ಲ.
'ಪೂರ್ತಿ ಹೆಸರು? ವಿಳಾಸ? ಪ್ಯಾನ್ ನಂಬರು?
ರಸೀದಿ ಹರಿಯದೆ ನಾನು ಪೈಸೆ ಮುಟ್ಟುವವನಲ್ಲ.'
ವಾಪಸು ಕೊಡೋಣವೆಂದು ಎರಡು ಸಂಜೆ ಹೋದೆ.
ಒಂದು ಸಂಜೆ ಗಾಡಿ ಇರಲಿಲ್ಲ.
ಇನ್ನೊಂದು ಸಂಜೆ ಇತ್ತು, ಅವಳೂ ಇದ್ದಳು,
ಸೀರೆಯ ಅಂಚು ಮಟ್ಟಸ ಮಾಡುತ್ತ;
ಆಚೆ ಬದಿಯಿಂದಲೇ ದಾಟಿ ಬಂದೆ.
ಸಂಪಿಗೆ ರಸ್ತೆಯಲ್ಲಿ ಟೋಪಿಗೆ ಎಂಬತ್ತು,
ಚೌಕಾಸಿ ಮಾಡಿದರೆ ಅರವತ್ತು.

ಇವತ್ತು ಹಾಳೆ ಮತ್ತೆ ತೆಗೆದೆ.
ಒಂಬತ್ತನೆಯ ಪ್ರಶ್ನೆಯ ಮುಂದೆ ಅಂಕಿ ಇಲ್ಲ,
ಸೂಜಿ ಚುಚ್ಚಿದ ಎರಡು ತೂತು.
ಏನಾದರೂ ಕಂಡೀತೆಂದು ಕಿಟಕಿಗೆ ಹಿಡಿದೆ.
ಮಧ್ಯಾಹ್ನದ ಬಿಸಿಲು. ಹುಬ್ಬು ತಾನಾಗಿ ಗಂಟಿಕ್ಕಿತು.

ಎದುರು ಮೇಜಿನಿಂದ ಲಿಗೋರಿ, ಮೆಲ್ಲಗೆ:
'ಏನಾಯ್ತು ಮೇಡಂ, ಅಳ್ತಿದ್ದೀರಾ?'